ಕೂಡುಬರಹಕ್ಕೆ ಅಚ್ಚಿನ ರೂಪ: ರೌಂಡ್‌ಹ್ಯಾಂಡ್ ಫಾಂಟುಗಳ ಶೈಲಿ ಮತ್ತು ಬಳಕೆ

ಬರೆಯುವವನು ಲೇಖನಿಯನ್ನು ಕಾಗದದಿಂದ ಮೇಲೆತ್ತದೆ, ಒಂದು ಅಕ್ಷರದ ಕೊನೆಯ ಗೆರೆಯನ್ನೇ ಮುಂದಿನ ಅಕ್ಷರದ ಮೊದಲ ಗೆರೆಯಾಗಿ ಮುಂದುವರಿಸುವ ಬರಹವನ್ನು ಕೂಡುಬರಹ ಎನ್ನುತ್ತಾರೆ. ಆ ಬರಹದ ಚಲನೆಯನ್ನು ಅಚ್ಚಿನಲ್ಲಿ ಮರುಸೃಷ್ಟಿಸುವ ಅಕ್ಷರಶೈಲಿಗೆ ಮುದ್ರಣದ ಪರಿಭಾಷೆಯಲ್ಲಿ ಸ್ಕ್ರಿಪ್ಟ್ ಫಾಂಟ್ ಎಂದು ಹೆಸರು. ಮದುವೆಯ ಕರೆಯೋಲೆಯ ಮೇಲೆ, ಪದವಿಪತ್ರದ ನಡುವೆ, ಅತ್ತರಿನ ಸೀಸೆಯ ಮೇಲೆ, ಒಡವೆ ಅಂಗಡಿಯ ಫಲಕದಲ್ಲಿ ಕಾಣಿಸುವ ಓರೆಯಾದ, ಬಳುಕುವ ರೋಮನ್ ಅಕ್ಷರಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವು. ಇಂತಹ ಫಾಂಟುಗಳಲ್ಲಿ ಅತ್ಯಂತ ಶಿಷ್ಟವಾದವು ಎನಿಸಿಕೊಂಡಿರುವುದು ಇಂಗ್ಲೆಂಡಿನ ರೌಂಡ್‌ಹ್ಯಾಂಡ್ ಬರಹದಿಂದ ಹುಟ್ಟಿದ ಕುಟುಂಬ, ಅದರಲ್ಲಿಯೂ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ರೂಪಿಸಿದ ಸ್ನೆಲ್ ರೌಂಡ್‌ಹ್ಯಾಂಡ್. ನೋಡುವವರ ಕಣ್ಣಿಗೆ ಇವುಗಳ ಸೊಬಗು ಸುರುಳಿಗಳಲ್ಲಿ ಮತ್ತು ಬಳುಕಿನಲ್ಲಿ ಇರುವಂತೆ ತೋರುತ್ತದೆ. ಆದರೆ ಈ ಕುಟುಂಬದ ಮೂರು ಶತಮಾನಗಳ ಇತಿಹಾಸವನ್ನು ಒಟ್ಟಾಗಿ ನೋಡಿದಾಗ, ಆ ಸೊಬಗಿನ ನಿಜವಾದ ಆಧಾರ ಕಟ್ಟುನಿಟ್ಟಾದ ನಿಯಮ ಎಂಬುದು ಸ್ಪಷ್ಟವಾಗುತ್ತದೆ. ನಿಯಮವನ್ನು ಅರಿಯದೆ ಬಳಸಿದ ಕಡೆಯಲ್ಲೆಲ್ಲ ಇದೇ ಅಕ್ಷರಗಳು ಅಂದಗೆಟ್ಟು, ಓದಲೂ ಬಾರದಂತಾಗಿವೆ.

ಮೊದಲಿಗೆ ಇಟಾಲಿಕ್ ಮತ್ತು ಸ್ಕ್ರಿಪ್ಟ್ ಎಂಬ ಎರಡು ವರ್ಗಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ, ಏಕೆಂದರೆ ಎರಡೂ ಓರೆಯಾಗಿರುವುದರಿಂದ ಇವುಗಳನ್ನು ಒಂದೇ ಎಂದು ಭಾವಿಸುವವರು ಬಹಳ. ವೆನಿಸ್ ನಗರದ ಪ್ರಕಾಶಕ ಆಲ್ಡಸ್ ಮನೂಷಿಯಸ್ 1501ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಅಚ್ಚು ಹಾಕಿದಾಗ ಬಳಸಿದ ಅಕ್ಷರಗಳು ಇಟಾಲಿಕ್ ವರ್ಗದವು. ಅವನ್ನು ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಅವು ಆ ಕಾಲದ ವಿದ್ವಾಂಸರ ಓಟದ ಬರಹವನ್ನು ಅನುಸರಿಸಿದ್ದರೂ ಪ್ರತಿಯೊಂದು ಅಕ್ಷರವೂ ತನ್ನಷ್ಟಕ್ಕೆ ಬೇರೆಯಾಗಿ ನಿಲ್ಲುತ್ತದೆ, ಆದ್ದರಿಂದ ಇಡೀ ಪುಸ್ತಕವನ್ನು ಅವುಗಳಲ್ಲಿ ಓದುವುದು ಸಾಧ್ಯ. ನಮ್ಮ ಶಾಲಾ ಕಾಲೇಜುಗಳ ಪ್ರಶಸ್ತಿಪತ್ರಗಳಲ್ಲಿ ಹೇರಳವಾಗಿ ಕಾಣುವ ಮೊನೊಟೈಪ್ ಕೊರ್ಸಿವಾ ಕೂಡ ಈ ಇಟಾಲಿಕ್ ಪರಂಪರೆಯದೇ. ಅಕ್ಷರಗಳು ಒಂದಕ್ಕೊಂದು ತಾಗಿ ಒಂದೇ ಗೆರೆಯಾಗಿ ಹರಿಯುವ ರೌಂಡ್‌ಹ್ಯಾಂಡ್ ಇದಕ್ಕಿಂತ ಸುಮಾರು ಒಂದೂವರೆ ಶತಮಾನ ಈಚಿನದು ಮತ್ತು ಅದರ ಹಿನ್ನೆಲೆ ಪೂರ್ತಿ ಬೇರೆ.

ರೌಂಡ್‌ಹ್ಯಾಂಡ್ ರೂಪುಗೊಂಡದ್ದು 17ನೆಯ ಶತಮಾನದ ಉತ್ತರಾರ್ಧದ ಇಂಗ್ಲೆಂಡಿನಲ್ಲಿ, ವ್ಯಾಪಾರದ ಅಗತ್ಯದಿಂದ. ಸಮುದ್ರ ವ್ಯಾಪಾರ ಬೆಳೆಯುತ್ತಿದ್ದಂತೆ ಲೆಕ್ಕದ ಪುಸ್ತಕ, ಹುಂಡಿ, ಸರಕಿನ ಪಟ್ಟಿ, ದೂರದ ಪ್ರತಿನಿಧಿಗಳೊಡನೆ ನಡೆಸುವ ಪತ್ರವ್ಯವಹಾರ ಎಲ್ಲವೂ ಹೆಚ್ಚಿದವು. ಬೇಗ ಬರೆಯಬಹುದಾದ, ಅದೇ ವೇಳೆಗೆ ಇನ್ನೊಬ್ಬ ಗುಮಾಸ್ತ ತಪ್ಪಿಲ್ಲದೆ ಓದಬಹುದಾದ ಒಂದು ಬರಹ ಬೇಕಾಯಿತು. ನ್ಯಾಯಾಲಯಗಳಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಲಿಪಿಶೈಲಿ ಕಸುಬುದಾರರ ಹೊರತು ಬೇರೆಯವರಿಗೆ ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಕೊನೆಗೆ ಕಾನೂನಿನ ಮೂಲಕವೇ ಕೈಬಿಡಲಾಗಿ, 1733ರಿಂದ ನ್ಯಾಯಾಲಯದ ದಾಖಲೆಗಳು ಸಾಮಾನ್ಯರಿಗೆ ಓದಲು ಬರುವ ಬರಹದಲ್ಲಿ ಇರಬೇಕಾಯಿತು. ಈ ಬದಲಾವಣೆಯ ನಡುವೆ ಲಂಡನ್ನಿನಲ್ಲಿ ಬರಹದ ಮೇಷ್ಟ್ರುಗಳ ಒಂದು ವರ್ಗವೇ ಬೆಳೆಯಿತು. ಅವರು ಹುಡುಗರಿಗೆ ಅಕ್ಷರ ತಿದ್ದಿಸುವುದರ ಜೊತೆಗೆ ಲೆಕ್ಕ ಬರೆಯುವುದನ್ನೂ ಕಲಿಸುತ್ತಿದ್ದರು, ತಮ್ಮ ಕೈಬರಹದ ಮಾದರಿಗಳನ್ನು ಪುಸ್ತಕವಾಗಿ ಮಾರುತ್ತಿದ್ದರು, ಮತ್ತು ಪರಸ್ಪರ ಕಟುವಾಗಿ ಜಗಳವಾಡುತ್ತಿದ್ದರು.

ಚಾರ್ಲ್ಸ್ ಸ್ನೆಲ್ ಇಂತಹ ಮೇಷ್ಟ್ರುಗಳಲ್ಲಿ ಒಬ್ಬ. 1667ರಲ್ಲಿ ಹುಟ್ಟಿ 1733ರಲ್ಲಿ ತೀರಿಕೊಂಡ ಈತನ ಮುಖ್ಯ ಮಾದರಿ ಪುಸ್ತಕ 1694ರಲ್ಲಿ ಹೊರಬಂದಿತು. ಅವನ ಕಾಲದ ಅನೇಕ ಬರಹಗಾರರು ಲೇಖನಿಯ ಒಂದೇ ಗೆರೆಯಲ್ಲಿ ಹಕ್ಕಿ, ಮೀನು, ದೇವದೂತ ಮುಂತಾದವನ್ನು ಎಳೆದು ಪುಟ ತುಂಬಿಸುವುದನ್ನು ಪಾಂಡಿತ್ಯದ ಗುರುತೆಂದು ಭಾವಿಸಿದ್ದರೆ, ಸ್ನೆಲ್ ಅದನ್ನು ನೇರವಾಗಿ ಖಂಡಿಸಿದನು. ಅಕ್ಷರದ ಎತ್ತರ, ಅಗಲ, ಓರೆ, ಅಕ್ಷರಗಳ ನಡುವಿನ ಅಂತರ ಎಲ್ಲಕ್ಕೂ ಅಳತೆ ಗೊತ್ತುಪಡಿಸಬಹುದೆಂಬುದು ಅವನ ನಿಲುವಾಗಿತ್ತು; ಆ ಅಳತೆಗಳನ್ನೇ 1714ರ ಸುಮಾರಿಗೆ ಒಂದು ನಿಯಮಾವಳಿಯಾಗಿ ಪ್ರಕಟಿಸಿದನು. ಕೈಬರಹವನ್ನು ಸೂತ್ರಕ್ಕೆ ಕಟ್ಟಿದರೆ ಅದರ ಜೀವ ಹೋಗುತ್ತದೆಂದು ಜಾನ್ ಕ್ಲಾರ್ಕ್ ಮೊದಲಾದ ಸಮಕಾಲೀನರು ವಿರೋಧಿಸಿದರು. ಸ್ನೆಲ್‌ನ ಇನ್ನೊಂದು ಕಸುಬು ಲೆಕ್ಕಪರಿಶೋಧನೆ: 1720ರಲ್ಲಿ ಸೌತ್ ಸೀ ಕಂಪನಿಯ ಷೇರು ವ್ಯವಹಾರ ಕುಸಿದು ಇಂಗ್ಲೆಂಡಿನ ಹಣವಂತರು ದಿವಾಳಿಯಾದಾಗ, ಅದಕ್ಕೆ ಸಂಬಂಧಪಟ್ಟ ಒಂದು ಸಂಸ್ಥೆಯ ಲೆಕ್ಕದ ಪುಸ್ತಕಗಳನ್ನು ಪರಿಶೀಲಿಸಿ ವರದಿ ಬರೆದವನು ಇವನೇ. ಅಂಕಿಗಳ ಶಿಸ್ತು ಮತ್ತು ಅಕ್ಷರಗಳ ಶಿಸ್ತು ಒಬ್ಬನಲ್ಲೇ ಕೂಡಿದ್ದು ಆಕಸ್ಮಿಕವಾಗಿರಲಾರದು. ಕ್ಲಾರ್ಕ್‌ನ ಆಕ್ಷೇಪಣೆಯಲ್ಲಿ ಕೈಬರಹದ ಮಟ್ಟಿಗೆ ಸತ್ಯಾಂಶ ಇದ್ದಿರಬಹುದು; ಆದರೆ ಅಚ್ಚಿನಕ್ಷರಕ್ಕೆ ಬೇಕಾಗಿದ್ದುದು ಸ್ನೆಲ್ ಹೇಳಿದಂತಹ ಏಕರೂಪತೆಯೇ ಎಂಬುದನ್ನು ಎರಡೂವರೆ ಶತಮಾನಗಳ ಮೇಲೆ ಕಾಲವೇ ತೋರಿಸಿಕೊಟ್ಟಿತು.

ಈ ಬರಹದ ರೂಪವನ್ನು ನಿರ್ಧರಿಸಿದ್ದು ಎರಡು ಉಪಕರಣಗಳು. ಮೊದಲನೆಯದು ತುದಿಯನ್ನು ಚೂಪಾಗಿ ಕತ್ತರಿಸಿ ನಡುವೆ ಸೀಳಿದ ಹಕ್ಕಿಯ ಗರಿಯ ಲೇಖನಿ. ಕೈಯನ್ನು ಮೇಲಕ್ಕೆ ಎಳೆಯುವಾಗ ಒತ್ತಡವಿಲ್ಲದೆ ಕೂದಲೆಳೆಯಷ್ಟು ತೆಳುವಾದ ಗೆರೆ ಬೀಳುತ್ತದೆ. ಕೆಳಕ್ಕೆ ಎಳೆಯುವಾಗ ಒತ್ತಿದರೆ ಸೀಳು ಅಗಲವಾಗಿ ಗೆರೆ ಉಬ್ಬುತ್ತದೆ, ಒತ್ತಡ ಸಡಿಲಿಸಿದಂತೆ ಮತ್ತೆ ಸಣ್ಣದಾಗುತ್ತದೆ. ರೌಂಡ್‌ಹ್ಯಾಂಡ್‌ನ ತೆಳು ದಪ್ಪಗಳ ವ್ಯತ್ಯಾಸವೆಲ್ಲ ಈ ಏರಿಳಿತದಿಂದ ಬಂದದ್ದು. ಎರಡನೆಯ ಉಪಕರಣ ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆಯುವ ಉಕ್ಕಿನ ಉಳಿ. ಮಾದರಿ ಪುಸ್ತಕಗಳನ್ನು ಮೊಳೆ ಜೋಡಿಸಿ ಅಚ್ಚು ಹಾಕಲು ಆಗುತ್ತಿರಲಿಲ್ಲ. ಬರಹವನ್ನು ತಗಡಿನ ಮೇಲೆ ಕೊರೆದು, ಕೊರೆದ ಗೀರುಗಳಲ್ಲಿ ಶಾಯಿ ತುಂಬಿ, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಬಿಗಿಯಾಗಿ ಒತ್ತಿ ಮುದ್ರಿಸುತ್ತಿದ್ದರು. ಉಳಿಯಿಂದ ಎಳೆದ ಗೆರೆ ಲೇಖನಿಯ ಗೆರೆಗಿಂತ ನುಣುಪು, ಅದರ ತೆಳುವು ಇನ್ನೂ ತೆಳುವು. ಹೀಗಾಗಿ ಕಲಿಯುವವರು ಲೇಖನಿಯ ಬರಹಕ್ಕಿಂತ ಹೆಚ್ಚಾಗಿ ತಾಮ್ರದ ಕೆತ್ತನೆಯನ್ನೇ ಅನುಕರಿಸತೊಡಗಿದರು ಮತ್ತು ಈ ಬರಹಕ್ಕೆ ಕಾಪರ್‌ಪ್ಲೇಟ್ ಎಂಬ ಹೆಸರೂ ಅಂಟಿಕೊಂಡಿತು. ಕೆತ್ತನೆಗಾರ ಜಾರ್ಜ್ ಬಿಕ್‌ಹ್ಯಾಮ್ 25 ಬರಹಗಾರರ ಮಾದರಿಗಳನ್ನು 212 ತಗಡುಗಳಲ್ಲಿ ಕೊರೆದು, 1733ರಿಂದ 1741ರವರೆಗೆ ಕಂತುಗಳಲ್ಲಿ ಹೊರತಂದ ‘ದಿ ಯೂನಿವರ್ಸಲ್ ಪೆನ್‌ಮನ್’ ಈ ಕಲೆಯ ಅತಿ ದೊಡ್ಡ ಸಂಗ್ರಹ. ಈ ಬರಹದ ವಂಶ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೂ ಹೋಯಿತು; 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚರ್ಮದ ಪ್ರತಿ ಇದೇ ಶೈಲಿಯ ಕೈಬರಹದಲ್ಲಿದೆ.

ಕೈಬರಹವನ್ನು ತಗಡಿಗೆ ಇಳಿಸುವುದು ಸುಲಭ, ಏಕೆಂದರೆ ತಗಡಿನ ಮೇಲೆ ಇಡೀ ಪುಟ ಒಂದೇ ಚಿತ್ರ. ಅದನ್ನು ಅಚ್ಚಿನ ಮೊಳೆಗೆ ಇಳಿಸುವುದು ಅತ್ಯಂತ ಕಠಿಣ. ಸೀಸದ ಮೊಳೆ ಎಂದರೆ ನಾಲ್ಕು ಬದಿಯೂ ನೇರವಾದ ಒಂದು ಸಣ್ಣ ಕಂಬ. ಅದರ ತಲೆಯ ಮೇಲೆ ಅಕ್ಷರ ಉಬ್ಬಿಕೊಂಡಿರುತ್ತದೆ. ಅಡಿಗೆರೆಯಿಂದ ಅಳೆದರೆ ಸುಮಾರು 55 ಡಿಗ್ರಿಯಷ್ಟು ಓರೆಯಾದ ಅಕ್ಷರವನ್ನು ನೇರವಾದ ಕಂಬದ ಮೇಲೆ ಕೂರಿಸಿದರೆ, ಅದರ ಮೇಲಿನ ತುದಿ ಬಲಕ್ಕೂ ಕೆಳಗಿನ ತುದಿ ಎಡಕ್ಕೂ ಕಂಬದಿಂದಾಚೆ ಚಾಚುತ್ತದೆ. ಆಧಾರವಿಲ್ಲದೆ ಹೊರಗೆ ಚಾಚಿದ ಆ ಭಾಗ ಅಚ್ಚಿನ ಒತ್ತಡಕ್ಕೆ ಮುರಿಯುತ್ತದೆ, ಚಾಚದಂತೆ ಮಾಡಿದರೆ ಅಕ್ಷರಗಳ ನಡುವೆ ಕಂದಕ ಬೀಳುತ್ತದೆ. ಎರಡು ಅಕ್ಷರಗಳು ಸೇರುವ ಕಡೆ ಮೊಳೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಕೂಡುಗೆರೆ ಕತ್ತರಿಸಿದಂತೆ ಕಾಣುತ್ತದೆ. 1557ರಲ್ಲಿ ಲಿಯೋನ್ ನಗರದಲ್ಲಿ ರೊಬೇರ್ ಗ್ರಾಂಜೋನ್ ಫ್ರೆಂಚ್ ಕೈಬರಹವನ್ನು ಮೊಳೆಗೆ ಇಳಿಸಿದಾಗಿನಿಂದ ಈ ತೊಡಕು ಎಲ್ಲರನ್ನೂ ಕಾಡಿತ್ತು. 19ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಫಿರ್ಮಾನ್ ದಿದೊ ಮೊಳೆಯ ಒಡಲನ್ನೇ ಓರೆಯಾಗಿ ಎರಕ ಹೊಯ್ದು, ಅಕ್ಷರಗಳನ್ನು ತುಂಡುಗಳಾಗಿ ಒಡೆದು, ಕೂಡುಗೆರೆ ಬರಬೇಕಾದ ಕಡೆ ಅವು ಒಂದರೊಳಗೊಂದು ಹೊಂದುವಂತೆ ಮಾಡಿದನು. ಅದರ ಫಲಿತಾಂಶ ಸೊಗಸಾಗಿತ್ತು. ಆದರೆ ಅದನ್ನು ಜೋಡಿಸಲು ಕಂಪೋಸಿಟರನಿಗೆ ಸಾಮಾನ್ಯ ಮೊಳೆಗಳಿಗಿಂತ ಎಷ್ಟೋ ಹೆಚ್ಚು ತಾಳ್ಮೆ ಬೇಕಾಗುತ್ತಿತ್ತು.

ಕೂಡುಗೆರೆಯ ಸಮಸ್ಯೆ ಮೊಳೆಯ ಆಕಾರಕ್ಕಷ್ಟೇ ಸೀಮಿತವಾದುದಲ್ಲ, ಅದರ ಒಂದು ಭಾಗ ಗಣಿತಕ್ಕೆ ಸೇರಿದ್ದು. ರೋಮನ್ ಲಿಪಿಯ 26 ಸಣ್ಣ ಅಕ್ಷರಗಳಲ್ಲಿ ಯಾವುದರ ಮುಂದೆ ಯಾವುದು ಬೇಕಾದರೂ ಬರಬಹುದು, ಎಂದರೆ 676 ಜೋಡಿಗಳು. ಕೈಬರಹದಲ್ಲಿ ಬರೆಯುವವನು ಮುಂದೆ ಬರುವ ಅಕ್ಷರವನ್ನು ಅರಿತೇ ಹಿಂದಿನದನ್ನು ಮುಗಿಸುತ್ತಾನೆ. ಮೊಳೆಗೆ ಆ ಮುನ್ನೋಟವಿಲ್ಲ. ಆದ್ದರಿಂದ ಪ್ರತಿ ಅಕ್ಷರದಿಂದ ಹೊರಬೀಳುವ ಗೆರೆ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ, ಒಂದೇ ತೆಳುವಿನಲ್ಲಿ ಮುಗಿಯಬೇಕು ಮತ್ತು ಮುಂದಿನ ಅಕ್ಷರ ಅದೇ ಬಿಂದುವಿನಲ್ಲಿ ಶುರುವಾಗಬೇಕು. ‘ಎ’, ‘ಎನ್’, ‘ಯು’ಗಳಂತಹ ಅಕ್ಷರಗಳು ಪಾದದ ಬಳಿ ಮುಗಿಯುವುದರಿಂದ ಈ ನಿಯಮಕ್ಕೆ ಒಗ್ಗುತ್ತವೆ. ‘ಬಿ’, ‘ಓ’, ‘ವಿ’, ‘ಡಬ್ಲ್ಯು’ಗಳು ಮೇಲ್ಭಾಗದಲ್ಲಿ ಮುಗಿಯುವುದರಿಂದ ಒಗ್ಗುವುದಿಲ್ಲ, ಒಂದು ಸ್ಕ್ರಿಪ್ಟ್ ಫಾಂಟಿನ ಕಸುಬುಗಾರಿಕೆ ಯಾವ ಮಟ್ಟದ್ದು ಎಂಬುದನ್ನು ತಿಳಿಯಬೇಕಾದರೆ ಈ ನಾಲ್ಕು ಅಕ್ಷರಗಳ ಮುಂದೆ ‘ಆರ್’ ಅಥವಾ ‘ಎಸ್’ ಇಟ್ಟು ನೋಡಿದರೆ ಸಾಕು. ಫ್ರಾನ್ಸಿನ ರೊಜೇ ಎಕ್ಸ್‌ಕೊಫೋನ್ ಮಾರ್ಸೇಯ ಅಚ್ಚುಮೊಳೆ ಕಾರ್ಖಾನೆಗಾಗಿ 1953ರಲ್ಲಿ ರೂಪಿಸಿದ ಮಿಸ್ಟ್ರಾಲ್, ರೌಂಡ್‌ಹ್ಯಾಂಡ್ ವಂಶದ್ದಲ್ಲದೆ ಒರಟು ಕೈಬರಹದ ಮಾದರಿಯದಾದರೂ, ಸೀಸದ ಮೊಳೆಗಳಲ್ಲೇ ಈ ಕೂಡಿಕೆಯನ್ನು ಬೆರಗಾಗುವಂತೆ ಸಾಧಿಸಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಸೀಸದ ಒಡಲಿನಿಂದ ಅಕ್ಷರಕ್ಕೆ ಬಿಡುಗಡೆ ದೊರೆತದ್ದು ಫೋಟೊ ಅಕ್ಷರಜೋಡಣೆಯಿಂದ. ಈ ವಿಧಾನದಲ್ಲಿ ಫಿಲ್ಮಿನ ಮೇಲಿರುವ ಅಕ್ಷರದ ಬಿಂಬದ ಮೂಲಕ ಬೆಳಕು ಹಾಯಿಸಿ ಛಾಯಾಗ್ರಹಣದ ಕಾಗದದ ಮೇಲೆ ಮೂಡಿಸುತ್ತಾರೆ. ಬೆಳಕಿಗೆ ಒಡಲಿಲ್ಲದ ಕಾರಣ ಒಂದು ಅಕ್ಷರ ಇನ್ನೊಂದರ ಜಾಗದೊಳಕ್ಕೆ ಧಾರಾಳವಾಗಿ ಚಾಚಬಹುದು. 1965ರಲ್ಲಿ ಅಮೆರಿಕದ ಮರ್ಗೆಂಥಾಲರ್ ಲೈನೊಟೈಪ್ ಸಂಸ್ಥೆಗೆ ಸೇರಿದ ಮ್ಯಾಥ್ಯೂ ಕಾರ್ಟರ್ ಈ ಹೊಸ ಸಾಧ್ಯತೆಯನ್ನು ಮೊದಲೇ ಗುರುತಿಸಿದರು. 1937ರಲ್ಲಿ ಲಂಡನ್ನಿನಲ್ಲಿ ಜನಿಸಿದ ಕಾರ್ಟರ್ ಹಾಲೆಂಡಿನ ಹಾರ್ಲೆಮ್ ನಗರದ ಎನ್‌ಸ್ಕೆಡೆ ಅಚ್ಚುಕೂಟದಲ್ಲಿ ಉಕ್ಕಿನ ಕಡ್ಡಿಯ ತುದಿಯಲ್ಲಿ ಕೈಯಿಂದ ಅಕ್ಷರ ಕೆತ್ತುವ ಕಸುಬನ್ನು ಕಲಿತಿದ್ದರು. ಅವರ ತಂದೆ ಹ್ಯಾರಿ ಕಾರ್ಟರ್ ಮುದ್ರಣದ ಇತಿಹಾಸಕಾರರು. ಹಳೆಯ ಕಸುಬು, ಇತಿಹಾಸದ ಅರಿವು, ಹೊಸ ಯಂತ್ರ ಈ ಮೂರೂ ಕೂಡಿದಾಗ ಅವರು ಬಿಕ್‌ಹ್ಯಾಮ್‌ನ ವೈಭವದ ತಗಡುಗಳನ್ನು ಬದಿಗಿರಿಸಿ ಸ್ನೆಲ್‌ನ ಮಾದರಿಯನ್ನು ಆರಿಸಿಕೊಂಡರು. ಒಂದೇ ಅಕ್ಷರವನ್ನು ಪ್ರತಿ ಸಲವೂ ಒಂದೇ ರೀತಿ ಬರೆಯಬೇಕೆಂದು ಹಟ ಹಿಡಿದಿದ್ದ ಮೇಷ್ಟ್ರ ಬರಹ, ಒಂದೇ ಬಿಂಬವನ್ನು ಸಾವಿರ ಸಲ ಮೂಡಿಸುವ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಇದೇ ಕಾರ್ಟರ್ ಮುಂದೆ 1978ರಲ್ಲಿ ಟೆಲಿಫೋನ್ ಡೈರೆಕ್ಟರಿಯ ಅತಿ ಸಣ್ಣ ಮುದ್ರಣಕ್ಕಾಗಿ ಬೆಲ್ ಸೆಂಟೆನಿಯಲ್ ಅನ್ನೂ, 1996ರಲ್ಲಿ ಕಂಪ್ಯೂಟರ್ ಪರದೆಗಾಗಿ ವರ್ಡಾನಾ ಮತ್ತು ಜಾರ್ಜಿಯಾಗಳನ್ನೂ ಕೊಟ್ಟರು. ಉಪಕರಣದ ಗುಣವನ್ನು ಅರಿತು ಅಕ್ಷರ ಕಟ್ಟುವ ಅವರ ಪದ್ಧತಿ ಸ್ನೆಲ್ ರೌಂಡ್‌ಹ್ಯಾಂಡ್‌ನಲ್ಲಿಯೇ ಪೂರ್ಣವಾಗಿ ಕಾಣಿಸುತ್ತದೆ.

ಆ ಫಾಂಟಿನ ಶೈಲಿಯನ್ನು ಹತ್ತಿರದಿಂದ ನೋಡಿದರೆ ಅದರ ಸಂಯಮ ತಿಳಿಯುತ್ತದೆ. ಸಣ್ಣ ಅಕ್ಷರಗಳ ನಡುಭಾಗ ಗಿಡ್ಡ, ಮೇಲಕ್ಕೆ ಮತ್ತು ಕೆಳಕ್ಕೆ ಹೋಗುವ ಕಡ್ಡಿಗಳು ನೀಳ. ಇದರಿಂದ ಸಾಲುಗಳ ನಡುವೆ ಬಿಳಿಯ ಜಾಗ ತಾನಾಗಿಯೇ ಒದಗಿ ಗಾಳಿಯಾಡಿದಂತೆ ಕಾಣುತ್ತದೆ. ದೊಡ್ಡಕ್ಷರಗಳಲ್ಲಿ ಸುರುಳಿಗಳಿವೆ, ಆದರೆ ಅವು ಅಕ್ಷರದ ಗುರುತನ್ನು ಮುಚ್ಚುವಷ್ಟು ಬೆಳೆದಿಲ್ಲ. ಕಪ್ಪಾದ ಇಳಿಗೆರೆಗಳು ಸಮಾನ ಅಂತರದಲ್ಲಿ ಬೀಳುವುದರಿಂದ ಸಾಲಿಗೆ ಒಂದು ಲಯವಿದೆ. ದಪ್ಪ ಮತ್ತು ಇನ್ನೂ ದಪ್ಪ ತೂಕಗಳೂ ದೊರೆಯುತ್ತವೆ. ರೌಂಡ್‌ಹ್ಯಾಂಡ್‌ನ ಜೀವಾಳವಾದ ತೆಳುಗೆರೆಯೊಡನೆ ಅವು ಅಷ್ಟಾಗಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಮೂಲ ತೂಕವೇ ಉತ್ತಮವೆನ್ನಬೇಕು.

ಕಂಪ್ಯೂಟರ್ ಬಂದ ಮೇಲೆ ಈ ಕ್ಷೇತ್ರ ಹಿಗ್ಗಿತು. ಎಡ್ ಬೆಂಗ್ವಿಯಟ್ ಅವರ ಎಡ್ವರ್ಡಿಯನ್ ಸ್ಕ್ರಿಪ್ಟ್ 1994ರಲ್ಲಿ ಬಂದಿತು. ಬಿಕ್‌ಹ್ಯಾಮ್‌ನ ಸಂಗ್ರಹವನ್ನು ಆಧರಿಸಿ ರಿಚರ್ಡ್ ಲಿಪ್ಟನ್ ಅಡೋಬಿ ಸಂಸ್ಥೆಗಾಗಿ ಬಿಕ್‌ಹ್ಯಾಮ್ ಸ್ಕ್ರಿಪ್ಟ್ ರೂಪಿಸಿದರು. ಜರ್ಮನಿಯ ಹರ್ಮನ್ ಝಾಪ್ಫ್ 1998ರಲ್ಲಿ ತಮ್ಮ ಕ್ಯಾಲಿಗ್ರಫಿಯನ್ನೇ ಝಾಪ್ಫಿನೊ ಎಂಬ ಫಾಂಟಾಗಿಸಿದರು. ಇಂತಹ ಫಾಂಟುಗಳಿಗೆ ಮುಂದೆ ಬೆನ್ನೆಲುಬಾದದ್ದು 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಪ್ರಕಟಿಸಿದ ಓಪನ್‌ಟೈಪ್ ಮತ್ತು ಅದರಂತಹ ತಂತ್ರಜ್ಞಾನಗಳು. ಇವುಗಳಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಫಾಂಟಿನೊಳಗೆ ಇಟ್ಟು, ಅಕ್ಕಪಕ್ಕದ ಅಕ್ಷರ ಯಾವುದೆಂಬುದನ್ನು ನೋಡಿ ತಕ್ಕ ರೂಪವನ್ನು ಆರಿಸುವ ನಿಯಮಗಳನ್ನು ಬರೆಯಬಹುದು. ಮೊಳೆಗೆ ಇಲ್ಲದ ಮುನ್ನೋಟ ಹೀಗೆ ಫಾಂಟಿಗೆ ಬಂದಿತು: ‘ಓ’ ಅಕ್ಷರದ ಮುಂದೆ ‘ಆರ್’ ಬಂದರೆ ಒಂದು ರೂಪ, ‘ಎನ್’ ಬಂದರೆ ಇನ್ನೊಂದು, ಪದದ ಕೊನೆಯಲ್ಲಾದರೆ ಬಾಲ ನೀಡಿಕೊಂಡ ಮತ್ತೊಂದು. ಇದರೊಂದಿಗೆ ಸ್ನೆಲ್ ಖಂಡಿಸಿದ್ದ ಅತಿಯ ಆಸೆಯೂ ಹಿಂದಿರುಗಿತೆನ್ನಬೇಕು. ಪದಕ್ಕೊಂದು ಸುರುಳಿ ಹಾಕುವ ಅನುಕೂಲವಿದೆಯೆಂದು ಪ್ರತಿ ಪದಕ್ಕೂ ಹಾಕಿದ ಪುಟಗಳು ಇಂದು ಕಡಿಮೆಯಿಲ್ಲ.

ಬಳಕೆಯ ಪ್ರಶ್ನೆಗೆ ಬಂದರೆ, ರೌಂಡ್‌ಹ್ಯಾಂಡ್ ಫಾಂಟು ಓದಿಸುವುದಕ್ಕಿಂತ ಹೆಚ್ಚಾಗಿ ಸಂದರ್ಭದ ಗೌರವವನ್ನು ಸೂಚಿಸುವ ಕೆಲಸ ಮಾಡುತ್ತದೆ. ಹೆಸರು, ಆಹ್ವಾನದ ಒಂದು ಸಾಲು, ಪದವಿಪತ್ರದಲ್ಲಿ ಪಡೆದವರ ಹೆಸರು, ಪುಸ್ತಕದ ಅರ್ಪಣೆ, ಭೋಜನಕೂಟದ ಪಟ್ಟಿಯ ತಲೆಬರಹ ಇವು ಅದರ ನೆಲೆಗಳು. ಒಂದೆರಡು ಸಾಲು ದಾಟಿದರೆ ಕಣ್ಣು ದಣಿಯುತ್ತದೆ. ಏಕೆಂದರೆ ಓದುವಾಗ ಅಕ್ಷರಗಳನ್ನು ಬೇರ್ಪಡಿಸಲು ನೆರವಾಗುವ ಸಂದುಗಳನ್ನೇ ಕೂಡುಗೆರೆ ಮುಚ್ಚಿರುತ್ತದೆ. ಇಡೀ ಪದವನ್ನು ದೊಡ್ಡಕ್ಷರಗಳಲ್ಲಿ ಹೊಂದಿಸುವುದು ಇದರಲ್ಲಿ ಆಗುವ ಅತಿ ದೊಡ್ಡ ತಪ್ಪು, ಏಕೆಂದರೆ ಸುರುಳಿಯುಳ್ಳ ದೊಡ್ಡಕ್ಷರಗಳನ್ನು ರಚಿಸಿರುವುದೇ ಒಂದು ಸಣ್ಣಕ್ಷರದ ಮುಂದೆ ಒಂಟಿಯಾಗಿ ನಿಲ್ಲಲೆಂದು. ಅಕ್ಷರಗಳ ಅಂತರವನ್ನು ಹಿಗ್ಗಿಸುವುದು ಅದಕ್ಕೆ ಸಮನಾದ ಇನ್ನೊಂದು ತಪ್ಪು. ಹಿಗ್ಗಿಸಿದೊಡನೆ ಕೂಡುಗೆರೆಗಳು ತುಂಡಾಗಿ ನೇತಾಡುತ್ತವೆ. ಜೊತೆಗೆ ಬಳಸುವ ಅಕ್ಷರ ನೇರವಾಗಿ ನಿಂತ, ಅಲಂಕಾರವಿಲ್ಲದ ರೋಮನ್ ಆಗಿದ್ದರೆ ಎರಡಕ್ಕೂ ಶೋಭೆ. ಇನ್ನು ಕೋಕಾ-ಕೋಲಾದ ಪ್ರಸಿದ್ಧ ಚಿಹ್ನೆಯನ್ನು ಸ್ಕ್ರಿಪ್ಟ್ ಫಾಂಟಿಗೆ ಉದಾಹರಣೆಯಾಗಿ ಕೊಡುವುದುಂಟು, ಅದು ಸರಿಯಲ್ಲ. 1886ರಲ್ಲಿ ಫ್ರಾಂಕ್ ರಾಬಿನ್ಸನ್, ಆಗ ಅಮೆರಿಕದ ಶಾಲೆಗಳಲ್ಲಿ ಕಲಿಸುತ್ತಿದ್ದ ಸ್ಪೆನ್ಸೇರಿಯನ್ ಬರಹದಲ್ಲಿ, ಆ ಎರಡು ಪದಗಳಿಗಾಗಿಯೇ ಬರೆದ ಅಕ್ಷರಗಳವು. ಒಂದೇ ಹೆಸರಿಗೆಂದು ಬರೆದ ಅಕ್ಷರದಲ್ಲಿರುವ ಸ್ವಾತಂತ್ರ್ಯವನ್ನು ಎಲ್ಲ ಹೆಸರುಗಳಿಗೂ ಒದಗಬೇಕಾದ ಫಾಂಟಿನಿಂದ ನಿರೀಕ್ಷಿಸಲಾಗದು.

ಬೆಂಗಳೂರಿನ ಚಿಕ್ಕಪೇಟೆ ಮತ್ತು ಅವೆನ್ಯೂ ರಸ್ತೆಯ ಲಗ್ನಪತ್ರಿಕೆಯ ಅಂಗಡಿಗಳಲ್ಲಿ ಈ ಫಾಂಟುಗಳಿಗೆ ನಿತ್ಯದ ಬಳಕೆಯಿದೆ. ಒಳಗಿನ ಒಕ್ಕಣೆ ಕನ್ನಡದಲ್ಲಿದ್ದರೂ ಲಕೋಟೆಯ ಮೇಲೆ ವಧೂವರರ ಹೆಸರುಗಳು ರೋಮನ್ ಕೂಡುಬರಹದಲ್ಲಿ, ಬಂಗಾರದ ಬಣ್ಣದ ಫಾಯಿಲ್‌ನಲ್ಲಿ ಹೊಳೆಯುತ್ತವೆ. ಫಾಯಿಲ್ ಒತ್ತುವ ಕೆಲಸದಲ್ಲಿ ಕಾಸಿದ ಅಚ್ಚು ಲೋಹದ ಪೊರೆಯನ್ನು ಕಾಗದಕ್ಕೆ ಅಂಟಿಸುತ್ತದೆ. ಕೂದಲೆಳೆಯ ಗೆರೆಗಳಿಗೆ ಪೊರೆ ಸರಿಯಾಗಿ ಹತ್ತದೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಜಾಲರಿಯ ಕಣ್ಣಿಗಿಂತ ಸಣ್ಣದಾದ ಗೆರೆ ಮೂಡುವುದೇ ಇಲ್ಲ, ಗಾಢ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟ ಅಕ್ಷರವಾದರೆ ಸುತ್ತಲಿನ ಶಾಯಿ ಒಳನುಗ್ಗಿ ತೆಳುಗೆರೆಯನ್ನು ನುಂಗುತ್ತದೆ. ಆದ್ದರಿಂದ ಫಾಂಟನ್ನು ಆರಿಸುವ ಮೊದಲು ಅದು ಯಾವ ವಿಧಾನದಲ್ಲಿ, ಯಾವ ಗಾತ್ರದಲ್ಲಿ, ಯಾವ ಕಾಗದದ ಮೇಲೆ ಮೂಡಲಿದೆ ಎಂಬುದನ್ನು ತಿಳಿಯುವುದು ಅವಶ್ಯ.

ಕೂಡುಬರಹವೆಂಬುದು ರೋಮನ್ ಲಿಪಿಯ ಸೊತ್ತಲ್ಲ. ಉರ್ದುವಿನ ನಸ್ತಾಲೀಕ್ ಶೈಲಿಯಲ್ಲಿ ಅಕ್ಷರಗಳು ಕೂಡುವುದಷ್ಟೇ ಅಲ್ಲದೆ ಪದವು ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತದೆ. ಮೊಳೆಗೆ ಅದು ಒಗ್ಗದ ಕಾರಣ ಉರ್ದು ಪತ್ರಿಕೆಗಳು ದೀರ್ಘಕಾಲ ಕಾತಿಬರೆಂಬ ಲಿಪಿಕಾರರ ಕೈಬರಹವನ್ನೇ ಅವಲಂಬಿಸಿದ್ದವು. 1927ರಲ್ಲಿ ಆರಂಭವಾದ ಚೆನ್ನೈಯ ‘ದಿ ಮುಸಲ್ಮಾನ್’ ಕೈಬರಹದ ದಿನಪತ್ರಿಕೆಯೆಂದೇ ಹೆಸರಾಯಿತು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಕೂಡುರೂಪಗಳನ್ನು ಬರೆದು, ಮೊನೊಟೈಪ್ ಸಂಸ್ಥೆಯ ನೆರವಿನಿಂದ 1981ರಲ್ಲಿ ನೂರಿ ನಸ್ತಾಲೀಕ್ ಹೊರತಂದದ್ದು ಕೂಡುಬರಹದ ಫಾಂಟುಗಳ ಇತಿಹಾಸದಲ್ಲಿಯೇ ಅಸಾಧಾರಣ ಶ್ರಮದ ಕೆಲಸ.

ಕನ್ನಡದ ವಿಷಯ ಇವೆರಡಕ್ಕಿಂತ ಭಿನ್ನ. ಓಲೆಗರಿಯ ಮೇಲೆ ಉಕ್ಕಿನ ಕಂಟದಿಂದ ಗೀರಿ ಬರೆದು ಬೆಳೆದ ಈ ಲಿಪಿ ದುಂಡಗಿದೆ, ಆದರೆ ಅಚ್ಚಿನಲ್ಲಿ ಅಕ್ಷರಗಳು ಪಕ್ಕದವುಗಳೊಡನೆ ಕೂಡುವುದಿಲ್ಲ. ಕೂಡಿಕೆಯೇನಿದ್ದರೂ ಒತ್ತಕ್ಷರವಾಗಿ ಕೆಳಮುಖವಾಗಿ ನಡೆಯುತ್ತದೆ. ಹೀಗಿರುವಾಗ ಕನ್ನಡ ಅಕ್ಷರಗಳನ್ನು ರೌಂಡ್‌ಹ್ಯಾಂಡ್‌ನಂತೆ ಕಾಣಿಸಲೆಂದು ಕಂಪ್ಯೂಟರಿನಲ್ಲಿ ಯಾಂತ್ರಿಕವಾಗಿ ವಾಲಿಸುವುದು ಲಿಪಿಗೆ ಮಾಡುವ ಅನ್ಯಾಯವೇ ಸರಿ. ವೃತ್ತವನ್ನು ವಾಲಿಸಿದರೆ ಅದು ಸೊಟ್ಟ ಮೊಟ್ಟೆಯಾಗುತ್ತದೆ; ದುಂಡುಗಳಿಂದಲೇ ಕಟ್ಟಿದ ಲಿಪಿಯಲ್ಲಿ ಈ ವಿಕಾರ ಪ್ರತಿ ಅಕ್ಷರದಲ್ಲಿಯೂ ಮರುಕಳಿಸುತ್ತದೆ. ಕನ್ನಡಕ್ಕೆ ಓಟದ ಬರಹ ಇರಲಿಲ್ಲವೆಂದೇನೂ ಅಲ್ಲ. ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಗಡುಸಾಗಿಸಿದ ಬಟ್ಟೆಯ ಮಡಿಕೆಗಳಾದ ಕಡತಗಳ ಮೇಲೆ ಬಳಪದಿಂದ ಬರೆದ ಮೋಡಿ ಅಕ್ಷರಗಳಲ್ಲಿ, ಶಾನುಭೋಗರ ಲೆಕ್ಕಪತ್ರಗಳಲ್ಲಿ, ಕೈ ನಿಲ್ಲದೆ ಓಡಿದ ಬರಹ ಹೇರಳವಾಗಿದೆ. ಅಲ್ಲಿ ತಲೆಕಟ್ಟು ನೀಳವಾಗಿ ಮುಂದಿನ ಅಕ್ಷರವನ್ನು ಹಿಡಿಯುತ್ತದೆ, ಕೊಂಬು ಇಳಿಯುತ್ತಲೇ ಹೊಸ ಅಕ್ಷರವಾಗುತ್ತದೆ. ಇಂಗ್ಲೆಂಡಿನ ರೌಂಡ್‌ಹ್ಯಾಂಡ್‌ನಂತೆ ಇದೂ ಲೆಕ್ಕ ಬರೆಯುವವರ ಕೈಯಲ್ಲಿ ಬಳಕೆಯ ಒತ್ತಡದಿಂದ ರೂಪುಗೊಂಡ ಬರಹವೇ.

ಶ್ರೀಲಿಪಿಯಂತಹ ತಂತ್ರಾಂಶಗಳೊಡನೆ ಬಂದ ಅಲಂಕಾರದ ಫಾಂಟುಗಳು ಅಚ್ಚುಮನೆಗಳ ಅಗತ್ಯವನ್ನು ಬಹುಕಾಲ ಪೂರೈಸಿವೆ. ಯೂನಿಕೋಡ್ ಕಾಲದಲ್ಲಿ ಬಲೂ ತಮ್ಮ, ಅಕಾಯ ಕನಡಕದಂತಹ ಹೊಸ ಪ್ರದರ್ಶನ ಶೈಲಿಗಳೂ ಬಂದಿವೆ. ಆದರೆ ಕಡತದ ಬರಹವನ್ನು ಆಧಾರವಾಗಿಟ್ಟುಕೊಂಡು, ಸ್ನೆಲ್‌ನ ಬರಹದ ಮೇಲೆ ಕಾರ್ಟರ್ ಮಾಡಿದಂತಹ ಶಿಸ್ತಿನ ಕೆಲಸ ಕನ್ನಡಕ್ಕೆ ಇನ್ನೂ ಸಲ್ಲಬೇಕಾಗಿದೆ. ತಂತ್ರಜ್ಞಾನ ಅದಕ್ಕೆ ಅಡ್ಡಿಯಲ್ಲ: ‘ಸ್ತ್ರ’ದಂತಹ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲು ಕನ್ನಡ ಫಾಂಟುಗಳು ಈಗಾಗಲೇ ಬಳಸುತ್ತಿರುವುದು ಬಿಕ್‌ಹ್ಯಾಮ್ ಸ್ಕ್ರಿಪ್ಟ್‌ನ ಕೂಡುಗೆರೆಗಳನ್ನು ಆರಿಸುವ ಅದೇ ಓಪನ್‌ಟೈಪ್ ನಿಯಮಗಳನ್ನು. ಬೇಕಾಗಿರುವುದು ಮಾದರಿಗಳು. ಬೇರೆ ಬೇರೆ ಪ್ರಾಂತ್ಯಗಳ ಮೋಡಿ ಬರಹದಲ್ಲಿ ಯಾವ ಅಕ್ಷರ ಯಾವುದರೊಡನೆ ಹೇಗೆ ಕೂಡುತ್ತದೆ, ದೀರ್ಘ ಮತ್ತು ಒತ್ತುಗಳು ಎಲ್ಲಿ ಕರಗಿಹೋಗುತ್ತವೆ, ಎಲ್ಲಿ ಉಳಿಯುತ್ತವೆ ಎಂಬುದನ್ನು ಜೋಡಿ ಜೋಡಿಯಾಗಿ ಗುರುತಿಸಿ ಪಟ್ಟಿ ಮಾಡಬೇಕು. ಆ ಬರಹವನ್ನು ಸರಾಗವಾಗಿ ಓದಬಲ್ಲವರು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಫಾಂಟು ರಚಿಸುವವರೂ ಲಿಪಿಶಾಸ್ತ್ರ ಬಲ್ಲವರೂ ಒಟ್ಟಿಗೆ ಕುಳಿತು ಮೊದಲು ಮಾಡಬೇಕಾದ ಕೆಲಸ ಇದು.